ಟ್ರಿಗರ್‌ಗೆ ಕಟ್ಟಿದ ಪಟ್ಟಿ: ಮಗಳಿಗೊಂದು ಪತ್ರ

ಪುಟ್ಟೀ,

ನಾಳೆ ಬೆಳಿಗ್ಗೆ ನೀರಿನ ಒತ್ತಡದಿಂದ ನೆಲ, ಗೋಡೆ ತೊಳೆಯುವ ಯಂತ್ರ ಏರಿಸಿಕೊಂಡು ನೀನು ಹೊರಡುತ್ತೀಯ. ಎದುರಿಗೆ ಕೂತು ಮಾತಾಡಿದರೆ ಮತ್ತೆ ಅದೇ ಜಗಳ ಶುರುವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಆದದ್ದು ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. ನಿನ್ನ ಹುಡುಗರ ಮುಂದೆ ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಕಣೇ. ಆದರೆ ನೀರು ಬಿಡುವ ಗನ್ನಿನ ಟ್ರಿಗರ್ ಒತ್ತಿದಂತೆಯೇ ನಿಲ್ಲಲಿ ಅಂತ ಅದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಬಾರದು ಅಂದ ಮಾತನ್ನು ಮಾತ್ರ ನಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಇಡೀ ವಸತಿ ಸಮುಚ್ಚಯದ ಕೆಲಸವನ್ನು ನೀನೇ ಹೋಗಿ ನೋಡಿ, ನೀನೇ ಅಳತೆ ಹಿಡಿದು, ನೀನೇ ಮಾತಾಡಿ ಹಿಡಿದೆ. ನೀನು ಬರೆದುಕೊಟ್ಟ ಅಂದಾಜು ಪಟ್ಟಿಯನ್ನು ರಾತ್ರಿ ಓದಿದೆ. ನೆಲ, ಕಾಂಪೌಂಡ್ ಗೋಡೆ, ಮೆಟ್ಟಿಲು ಬೇರೆಬೇರೆ ಮಾಡಿದ್ದೀಯ. ಪೈಪು ಹಾಸುವ, ಸುತ್ತುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದಿದ್ದೀಯ. ಈ ಕಸುಬಿನಲ್ಲಿ ಬಹಳ ಜನ ಅದನ್ನೇ ಮರೆತು ಕೈಸುಟ್ಟುಕೊಳ್ಳುವುದು. ಮೊದಲೇ ಇದ್ದ ಬಿರುಕು, ಕಿತ್ತುಹೋದ ಬಣ್ಣ ಎಲ್ಲದರ ಫೋಟೋ ತೆಗೆದು ಅವರ ಸಹಿ ಹಾಕಿಸಿಕೊಂಡದ್ದು ಇನ್ನೂ ಒಳ್ಳೆಯದು. ಓದುತ್ತಾ ಎಷ್ಟು ಹೆಮ್ಮೆಯಾಯಿತು ಅಂತ ನಿನ್ನೆದುರು ಹೇಳಲು ನನಗೆ ಬರುವುದಿಲ್ಲ, ಇಲ್ಲಿ ಬರೆದಿದ್ದೇನೆ. ಒಂದೇ ಒಂದು ಸೇರಿಸು: ಪಂಪಿನ ಸೀಲು, ನೀರು ಚಿಮ್ಮುವ ತುದಿಯ ನಾಜಲ್, ಹೋಸ್ ಇವೆಲ್ಲ ಸವೆದು ಖರ್ಚಾಗುವ ವಸ್ತುಗಳು, ಪೆಟ್ರೋಲ್ ಹಾಗೆಯೇ. ಯಂತ್ರ ಓಡಿದ ಪ್ರತಿ ಗಂಟೆಗೂ ಅದಕ್ಕೆಂದು ಇಷ್ಟು ಅಂತ ತೆಗೆದಿಡದಿದ್ದರೆ ಪಂಪು ಕೂತ ದಿನ ಕೈಯಲ್ಲಿ ದುಡ್ಡಿರುವುದಿಲ್ಲ.

ಈಗ ಟ್ರಿಗರ್‌ಗೆ ಕಟ್ಟಿದ ಪಟ್ಟಿಯ ವಿಷಯ. ಲೆಕ್ಕ ನೋಡು. ನಿನ್ನ ಯಂತ್ರ 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ನಿಮಿಷಕ್ಕೆ 15 ಲೀಟರ್ ನೀರು ತಳ್ಳುತ್ತದೆ. ಆ ಒತ್ತಡದಲ್ಲಿ ನಾಜಲ್ ಬಾಯಿಂದ ಹೊರಬೀಳುವ ನೀರಿನ ವೇಗ ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ಅದು ಗನ್ನನ್ನು ಹಿಂದಕ್ಕೆ ತಳ್ಳುವ ಬಲ ಹತ್ತಿರಹತ್ತಿರ 5 ಕಿಲೋ ಭಾರದಷ್ಟು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರುವಷ್ಟು ಹೊತ್ತು ಅದು ಗೊತ್ತೇ ಆಗುವುದಿಲ್ಲ. ಸೋಪಿನ ನೆಲದಲ್ಲಿ ಕಾಲು ಜಾರಿ ಕೈ ಬಿಟ್ಟಿತು ಅಂದುಕೋ. ಟ್ರಿಗರ್ ತಾನಾಗಿ ಮುಚ್ಚಿ ನೀರು ನಿಲ್ಲಬೇಕು. ಆ ಗಳಿಗೆಯಲ್ಲಿ ನಿನಗಿರುವ ಬ್ರೇಕು ಅದೊಂದೇ. ಪಟ್ಟಿ ಕಟ್ಟಿದ ಮೇಲೆ ಆ ಬ್ರೇಕೂ ಇಲ್ಲ. ಲ್ಯಾನ್ಸ್, ಅಂದರೆ ಗನ್ನಿನ ಮುಂದಿನ ಉದ್ದದ ಕೊಳವೆ, ನೆಲದ ಮೇಲೆ ಚಾಟಿ ಬೀಸುತ್ತಾ ತಿರುಗುತ್ತದೆ, ಎಂಜಿನ್ ನಿಲ್ಲಿಸಲು ಹೋಗುವವರು ಅದನ್ನು ದಾಟಿಯೇ ಹೋಗಬೇಕು. ಗನ್ನಿನಲ್ಲಿ ಕಂಪನಿಯವರು ಕೊಟ್ಟಿರುವ ಕೊಂಡಿ ಟ್ರಿಗರನ್ನು ಮುಚ್ಚಿದ ಸ್ಥಿತಿಯಲ್ಲಿ ಹಿಡಿಯುವುದಕ್ಕೆ. ತೆರೆದಿಡುವ ಕೊಂಡಿಯನ್ನು ಅವರು ಕೊಟ್ಟಿಲ್ಲದಿರುವುದು ಮರೆತಲ್ಲ.

ಚರ್ಮ ತೂರಲು 7 ಬಾರ್‌ನಷ್ಟು ಒತ್ತಡ ಸಾಕು. ನಿನ್ನ ಯಂತ್ರದಲ್ಲಿರುವುದು 200. ರಬ್ಬರ್ ಕೈಗವಸು, ಕ್ಯಾನ್ವಾಸ್ ಬೂಟು ಇದನ್ನು ತಡೆಯುವುದಿಲ್ಲ. ನಿನ್ನ ಮಾವನ ಎಡಗೈ ಬಗ್ಗೆ ನಾನು ಬರೆಯುವುದಿಲ್ಲ, ನೀನೂ ನೋಡಿದ್ದೀಯ. ನೋಡಿಯೂ ನೀನು ಪಟ್ಟಿ ಕಟ್ಟಿದ್ದೇ ನನ್ನ ಸಂಕಟ.

ಕೈ ಸೋಲುತ್ತದೆ ಅಂದೆ. ಸೋಲುತ್ತದೆ, ಒಪ್ಪಿದೆ. ಅದಕ್ಕೆ ಬೇರೆ ದಾರಿಗಳಿವೆ. ಕಡಿಮೆ ಬಲಕ್ಕೇ ಒತ್ತಿಹಿಡಿಯಬಹುದಾದ ಗನ್ ಬರುತ್ತದೆ, ಒಂದು ತರಿಸಿದ್ದೇನೆ. ಅದರ ಹಿಂಬದಿಗೆ ಸ್ವಿವೆಲ್, ಅಂದರೆ ಹೋಸ್ ತಾನಾಗಿ ತಿರುಗಲು ಬಿಡುವ ಕೀಲು, ಹಾಕಿಸು. ತಿರುಚಿಕೊಂಡ ಹೋಸ್ ಜೊತೆ ಗುದ್ದಾಡುವುದರಿಂದಲೇ ಮಣಿಕಟ್ಟು ಅರ್ಧ ಸೋಲುವುದು. ವಿಶಾಲವಾದ ಕಾಂಕ್ರೀಟ್ ನೆಲವನ್ನು ಲ್ಯಾನ್ಸ್ ಹಿಡಿದು ತೊಳೆಯಲೇ ಬೇಡ, ನೆಲದ ಮೇಲೆ ತಳ್ಳಿಕೊಂಡು ಹೋಗುವ, ಒಳಗೆ ನಾಜಲ್ ತಿರುಗುವ ಸರ್ಫೇಸ್ ಕ್ಲೀನರ್ ಹಾಕು. ಕೆಲಸ ಬೇಗ ಮುಗಿಯುತ್ತದೆ, ನೆಲದಲ್ಲಿ ಪಟ್ಟೆಪಟ್ಟೆ ಗೀರುಗಳೂ ಏಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಗನ್ ಹಿಡಿಯುವವರು ಬದಲಾಗಲಿ.

ಟ್ರಿಗರ್ ಪದೇಪದೇ ಬಿಟ್ಟು ಹಿಡಿದರೆ ಅನ್‌ಲೋಡರ್ ವಾಲ್ವ್‌ಗೆ ಪೆಟ್ಟು ಅಂತಲೂ ವಾದಿಸಿದೆ. ಅದರಲ್ಲಿ ಸುಳ್ಳಿಲ್ಲ. ಗನ್ ಮುಚ್ಚಿದಾಗ ಪಂಪು ನಿಲ್ಲುವುದಿಲ್ಲ. ಆ ನೀರನ್ನು ಅನ್‌ಲೋಡರ್ ಪಂಪಿನ ಒಳಬಾಯಿಗೇ ವಾಪಸ್ಸು ಕಳಿಸುತ್ತದೆ. ಅದೇ ಬೈಪಾಸ್. ಪ್ರತಿ ಸಲ ಗನ್ ಮುಚ್ಚಿದಾಗಲೂ ವಾಲ್ವ್ ಒಂದು ಏಟು ತಿನ್ನುತ್ತದೆ, ಒಳಗಿನ ಸೀಟು, ಓ-ರಿಂಗ್ ಅನ್ನುವ ರಬ್ಬರ್ ಬಳೆ ಸವೆಯುತ್ತವೆ. ಆದರೆ ಅದಕ್ಕಿಂತ ದೊಡ್ಡ ಕೇಡು ಬೈಪಾಸ್‌ನಲ್ಲಿ ಬಿಟ್ಟು ಮಾತಾಡುತ್ತಾ ನಿಲ್ಲುವುದು. ಅದೇ ಚೂರು ನೀರು ಸುತ್ತಿಸುತ್ತಿ ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಸುಮಾರು 60 ಡಿಗ್ರಿ ದಾಟಿದರೆ ಥರ್ಮಲ್ ವಾಲ್ವ್ ತೆರೆದು ಬಿಸಿನೀರನ್ನು ಹೊರಗೆ ಚೆಲ್ಲುತ್ತದೆ. ಆ ವಾಲ್ವ್ ಕೆಟ್ಟಿದ್ದರೆ ಸೀಲುಗಳು ಬೆಂದು ಗಡುಸಾಗುತ್ತವೆ. ಎರಡು ನಿಮಿಷಕ್ಕಿಂತ ಹೆಚ್ಚು ಗನ್ ಮುಚ್ಚಿಡಬೇಕು ಅನ್ನಿಸಿದರೆ ಎಂಜಿನ್ ಆಫ್ ಮಾಡು. ಅನ್‌ಲೋಡರ್ ಒಂದು ಬಿಡಿಭಾಗ, ಹಾಳಾದರೆ ಬೇರೆ ಹಾಕಿಸಬಹುದು.

ನಿನ್ನ ಒತ್ತಡದ ಗೇಜು 200 ತೋರಿಸುತ್ತಿಲ್ಲ ಅಂತ ಹುಡುಗರು ಹೇಳುತ್ತಿದ್ದರು. ಒತ್ತಡ ಏರಿಸಲೆಂದು ಯಾರೋ ಅನ್‌ಲೋಡರ್ ಬಿಗಿ ಮಾಡಿದ್ದಾರೆ ಅಂತ ನನಗೆ ಅನುಮಾನ. ಮೊದಲು ನೋಡಬೇಕಾದ್ದು ನಾಜಲ್. ಪಂಪು ಕೊಡುವ ನೀರು ಅಷ್ಟೇ ಇರುತ್ತದಲ್ಲ, ಆದ್ದರಿಂದ ನಾಜಲ್ ರಂಧ್ರದ ಅಗಲ ನೂರಕ್ಕೆ ಹತ್ತರಷ್ಟು ಸವೆದರೂ ಒತ್ತಡ ಮೂರನೇ ಒಂದು ಪಾಲಿನಷ್ಟು ಬಿದ್ದುಹೋಗುತ್ತದೆ. ಕಣ್ಣಿಗೆ ಆ ಸವೆತ ಕಾಣುವುದೇ ಇಲ್ಲ. ಅದನ್ನು ಸರಿದೂಗಿಸಲು ಅನ್‌ಲೋಡರ್ ಬಿಗಿ ಮಾಡಿ, ಆಮೇಲೆ ಯಾವತ್ತೋ ಹೊಸ ನಾಜಲ್ ಹಾಕಿದರೆ ಒತ್ತಡ ಯಂತ್ರದ ಮಿತಿ ದಾಟಿ ಏರುತ್ತದೆ, ಹೋಸ್ ಒಡೆಯುವುದು ಆಗಲೇ. ಹಾಗಾಗಿ ಅನ್‌ಲೋಡರನ್ನು ಸಡಿಲಿಸಿ, ಪಂಪಿಗೆ ಸರಿಹೊಂದುವ ಹೊಸ ನಾಜಲ್ ಹಾಕಿ, ಗೇಜು ನೋಡುತ್ತಾ ಟ್ರಿಗರ್ ಒತ್ತಿಹಿಡಿದು ಕಾಲುಕಾಲು ಸುತ್ತು ಬಿಗಿ ಮಾಡು. ಸೂಜಿ ಏರುವುದು ನಿಂತ ಕಡೆಗೇ ನಿಲ್ಲಿಸು. ಟ್ರಿಗರ್ ಬಿಟ್ಟಾಗ ಸೂಜಿ ಸ್ವಲ್ಪ ಮೇಲೆ ಹಾರುವುದು ಸಹಜ, ಬಹಳ ಹಾರಿದರೆ ಬಿಗಿ ಜಾಸ್ತಿಯಾಗಿದೆ.

ಇನ್ನೊಂದು, ಅಲ್ಲಿಯ ನಲ್ಲಿ ನೀರು. ಕೆಲಸ ಶುರು ಮಾಡುವ ಮೊದಲು 20 ಲೀಟರ್ ಬಕೆಟ್ ಇಟ್ಟು ನೋಡು. ಒಂದು ನಿಮಿಷದೊಳಗೆ ತುಂಬಿದರೆ ಸರಿ. ತುಂಬದಿದ್ದರೆ ನೇರವಾಗಿ ಜೋಡಿಸಬೇಡ, ನಡುವೆ ಟ್ಯಾಂಕ್ ಇಟ್ಟುಕೋ, ಟ್ಯಾಂಕಿನ ನೀರು ಪಂಪಿಗಿಂತ ಮೇಲಿರಲಿ. ನೀರು ಸಾಲದೆ ಪಂಪು ಎಳೆದಾಡಿದರೆ ಒಳಗೆ ಆವಿಯ ಗುಳ್ಳೆಗಳು ಎದ್ದು ಒಡೆಯುತ್ತವೆ, ಲೋಹವನ್ನೇ ಕಿತ್ತು ತಿನ್ನುತ್ತವೆ. ಡಬ್ಬದಲ್ಲಿ ಜಲ್ಲಿ ಕಲಕಿದ ಸದ್ದು ಬರುತ್ತದೆ, ಹೋಸ್ ನಡುಗುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಒಳಬಾಯಿಯ ಜಾಲರಿ ಫಿಲ್ಟರ್ ಕಸ ಕಟ್ಟಿದೆಯಾ, ಪೈಪು ಮಡಚಿದೆಯಾ, ಕ್ಲಿಪ್ಪಿನಲ್ಲಿ ಗಾಳಿ ಎಳೆಯುತ್ತಿದೆಯಾ ಅಂತ ನೋಡು. ಶೇಕಡ ತೊಂಬತ್ತು ಪಾಲು ಅಲ್ಲೇ ಸಿಗುತ್ತದೆ ಅಂತ ನನ್ನ ಅನಿಸಿಕೆ.

ಪಂಪಿನ ಎಣ್ಣೆಯನ್ನು ಮೊದಲ 50 ಗಂಟೆಗೆ ಒಮ್ಮೆ, ಆಮೇಲೆ 500 ಗಂಟೆಗೊಮ್ಮೆ ಬದಲಿಸು. ನಿನ್ನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ. ಎಂಜಿನ್ ಎಣ್ಣೆಯನ್ನು ಅದಕ್ಕೆ ಹಾಕಬೇಡ, ಪಂಪಿನದು ಬೇರೆ. ಪಂಪಿನ ಎಣ್ಣೆ ನೋಡುವ ಗಾಜಿನ ಕಿಟಕಿಯಲ್ಲಿ ಎಣ್ಣೆ ಬಿಳಿಚಿಕೊಂಡಂತೆ ಕಂಡರೆ ನೀರು ಸೇರಿದೆ ಅಂತ ಅರ್ಥ, ಸೀಲು ಹೋಗಿದೆ. ಬರೀ ಎಣ್ಣೆ ಬದಲಿಸಿ ಸುಮ್ಮನಾದರೆ ವಾರದೊಳಗೆ ಮತ್ತೆ ಅದೇ. ಎಂಜಿನ್ನಿಗೆ ಹೊಸದರಲ್ಲಿ 20 ಗಂಟೆಗೆ, ಮುಂದೆ 100 ಗಂಟೆಗೊಮ್ಮೆ. ಗಂಟೆ ಎಣಿಸುವ ಮೀಟರ್ ಕೂರಿಸಿದ್ದೀಯಲ್ಲ, ಅದರ ಅಂಕಿ ಪುಸ್ತಕದಲ್ಲಿ ಬರೆದಿಡು.

ಅಲ್ಲಿ ಪಾಚಿ ಹಿಡಿದ ಗೋಡೆಗಳಿವೆ ಅಂದೆ. ಅವಕ್ಕೆ ಒತ್ತಡ ಬೇಡ, ಬ್ಲೀಚ್ ದ್ರಾವಣ ಹಾಕಿ, ನೆನೆಯಲು ಬಿಟ್ಟು, ಕಡಿಮೆ ಒತ್ತಡದಲ್ಲಿ ತೊಳೆ. ಹಳೇ ಗಾರೆಯ ಸಂದುಗಳಿಗೆ, ಕಿಟಕಿಯ ಅಂಚಿಗೆ, ಮರಕ್ಕೆ ಕೆಂಪು ನಾಜಲ್ ತೋರಿಸಲೇ ಬೇಡ. ಚೂರೂ ಹರಡದ ಸೊನ್ನೆ ಡಿಗ್ರಿಯ ಆ ಧಾರೆ ಕಾಂಕ್ರೀಟಿನಲ್ಲೇ ಗೀರು ಬರೆಯುತ್ತದೆ. ಧಾರೆ ಅಗಲಕ್ಕೆ ಹರಡುವ ಬಿಳಿ 40 ಡಿಗ್ರಿ ನಾಜಲ್‌ನಿಂದ, ಎರಡು ಅಡಿ ದೂರದಿಂದ ಮೂಲೆಯಲ್ಲಿ ಒಂದು ಚೂರು ಪರೀಕ್ಷೆ ಮಾಡು, ಸಾಲದಿದ್ದರೆ ಮಾತ್ರ 25 ಡಿಗ್ರಿಯ ಹಸಿರಿಗೆ ಇಳಿ. ಬ್ಲೀಚನ್ನು ಪಂಪಿನೊಳಗೆ ಹಾಯಿಸಬೇಡ, ಪಂಪು ದಾಟಿದ ಮೇಲೆ ರಾಸಾಯನಿಕವನ್ನು ನೀರಿಗೆ ಎಳೆದುಕೊಳ್ಳುವ ಇಂಜೆಕ್ಟರಿನಿಂದ ಎಳೆ. ಕರೆ ತೆಗೆಯಲು ಆಸಿಡ್ ಬಳಸಿದ ನೆಲಕ್ಕೆ ಬ್ಲೀಚ್ ತಾಗಬಾರದು, ಅದರಿಂದ ಏಳುವುದು ಕ್ಲೋರಿನ್ ಗಾಳಿ. ನೆಲಮಾಳಿಗೆಯ ಪಾರ್ಕಿಂಗ್ ತೊಳೆಯುವಾಗ ಎಂಜಿನ್ ಹೊರಗೇ ನಿಲ್ಲಲಿ, ಉದ್ದದ ಹೋಸ್ ಒಳಗೆ ಹೋಗಲಿ. ಬಾಗಿಲು ತೆರೆದಿದೆ ಅಂತ ಯಾರಾದರೂ ಹೇಳಿದರೂ ಕೇಳಬೇಡ. ಹೊಗೆಯ ವಿಷಕ್ಕೆ ವಾಸನೆಯಿಲ್ಲ. ಏಣಿಯ ಮೇಲೆ ನಿಂತು ಗನ್ ಹಿಡಿಯುವುದೂ ಬೇಡ, ಆ 5 ಕಿಲೋ ತಳ್ಳುವಿಕೆ ಸಾಕು.

ಪಾಠ ಮಾಡುತ್ತಿದ್ದೀಯ ಅಂತ ನಿನಗೆ ಅನಿಸುತ್ತಿರಬಹುದು. ಇವುಗಳಲ್ಲಿ ಅರ್ಧದಷ್ಟು ನನಗಿಂತ ಚೆನ್ನಾಗಿ ನಿನಗೇ ಗೊತ್ತು. ಪಂಪು ಹೋದರೆ ಪಂಪು, ಗೋಡೆ ಕೆಟ್ಟರೆ ದುಡ್ಡು ಕಟ್ಟಿಕೊಡಬಹುದು. ನನಗೆ ನಿದ್ದೆ ಬಾರದಿರುವುದು ಅದಕ್ಕಲ್ಲ.

ನೀರು ತೂರಿದ ಗಾಯ ಗಾಯದಂತೆ ಕಾಣುವುದಿಲ್ಲ. ಬೆರಳಿನ ಮೇಲೆ ಒಂದು ಚುಕ್ಕೆ, ಒಂದು ಹನಿ ರಕ್ತ. ಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಮಾತ್ರ ನೀರು, ಸೋಪು, ಕೊಳೆ ಎಲ್ಲ ಸ್ನಾಯುರಜ್ಜಿನ ಕೊಳವೆಯುದ್ದಕ್ಕೂ ಹರಡಿರುತ್ತದೆ. ಗಂಟೆಗಳು ಕಳೆದಂತೆ ಊದಿಕೊಂಡು ರಕ್ತದ ಹರಿವೇ ನಿಲ್ಲಬಹುದು. ನಿನ್ನಲ್ಲಾಗಲಿ ಹುಡುಗರಲ್ಲಾಗಲಿ ಯಾರಿಗೇ ಆಗಲಿ, ಬ್ಯಾಂಡೇಜು ಸುತ್ತಿ ಕೆಲಸ ಮುಂದುವರಿಸುವ ಹಾಗಿಲ್ಲ. ಹಿಂಡಬಾರದು. ಕೈಯನ್ನು ಎತ್ತಿ ಹಿಡಿದು, ಏನನ್ನೂ ತಿನ್ನಿಸದೆ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿರುವ ಆಸ್ಪತ್ರೆಗೆ ಆಗಲೇ ಹೋಗಬೇಕು. ಆರು ಗಂಟೆ ಮೀರಿದರೆ ಬೆರಳು ಉಳಿಯುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಅಲ್ಲಿ ಕೂತವರು ಚುಕ್ಕೆ ನೋಡಿ ಏನೂ ಇಲ್ಲ ಅಂದರೆ ಬಿಟ್ಟು ಬರಬೇಡ. 200 ಬಾರ್ ಒತ್ತಡದ ನೀರು ಒಳಗೆ ಹೊಕ್ಕಿದೆ, ಅದರಲ್ಲಿ ಈ ರಾಸಾಯನಿಕ ಇತ್ತು ಅಂತ ಕ್ಯಾನಿನ ಚೀಟಿ ತೋರಿಸಿ ಹೇಳು. ಮಾವನ ಜೊತೆ ಹೋದವರು ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಇಷ್ಟು ಮಾತ್ರ ಬರೆದು ನಿಲ್ಲಿಸುತ್ತೇನೆ ಅಂದುಕೊಂಡಿದ್ದೆ, ಮತ್ತೆ ಅಲ್ಲಿಗೇ ಬಂದೆ.

ಹೋಸಿನಲ್ಲಿ ಸೋರುವ ಜಾಗ ಹುಡುಕುವಾಗ ಕೈ ಆಡಿಸಬೇಡ, ರಟ್ಟಿನ ತುಂಡು ಹಿಡಿ. ರಬ್ಬರ್ ಸವೆದು ಒಳಗಿನ ತಂತಿ ಕಂಡ ಹೋಸನ್ನು ಟೇಪು ಸುತ್ತಿ ಓಡಿಸಬೇಡ, ಕತ್ತರಿಸಿಯೇ ಎಸೆ, ಇಲ್ಲದಿದ್ದರೆ ಯಾರೋ ಮತ್ತೆ ಜೋಡಿಸುತ್ತಾರೆ. ನಾಜಲ್ ಬದಲಿಸುವ ಮುಂಚೆ ಎಂಜಿನ್ ನಿಲ್ಲಿಸಿ, ಟ್ರಿಗರ್ ಒತ್ತಿ ಉಳಿದ ಒತ್ತಡ ಬಿಡು, ಕೊಂಡಿ ಹಾಕು. ಹಾಕಿದ ಮೇಲೆ ಒಮ್ಮೆ ಎಳೆದು ನೋಡು. ಸರಿಯಾಗಿ ಕೂರದ ನಾಜಲ್ ಗುಂಡಿನಂತೆ ಹಾರುತ್ತದೆ. ಸಂಜೆ ಕೆಲಸ ಮುಗಿದಾಗಲೂ ಇದೇ ಕ್ರಮ: ಎಂಜಿನ್ ಆಫ್, ನಲ್ಲಿ ಬಂದ್, ಟ್ರಿಗರ್ ಒತ್ತಿ ನೀರು ಪೂರ್ತಿ ನಿಂತ ಮೇಲೆಯೇ ಹೋಸ್ ಬಿಚ್ಚುವುದು.

ಹೊಸ ಹುಡುಗನಿಗೆ ಗನ್ ಕೊಡುವ ಮುಂಚೆ ಇದಿಷ್ಟನ್ನೂ ಅವನ ಬಾಯಲ್ಲೇ ಹೇಳಿಸು. ನೀನು ಪಟ್ಟಿ ಕಟ್ಟಿದ್ದನ್ನು ಅವನು ನೋಡಿದ್ದಾನೆ. ನೀನು ಮಾಡಿದ್ದನ್ನೇ ಅವನು ಮಾಡುತ್ತಾನೆ, ನೀನು ಹೇಳಿದ್ದನ್ನಲ್ಲ. ಅವನ ಮುಂದೆ ನೀನೇ ಅದನ್ನು ಕತ್ತರಿಸಿ ಹಾಕು.

ಟೂಲ್ ಬಾಕ್ಸಿನ ಕೆಳಗಿನ ಅರೆಯಲ್ಲಿ ಹೊಸ ಗನ್, ಎರಡು ಸೆಟ್ ಓ-ರಿಂಗ್, 25 ಮತ್ತು 40 ಡಿಗ್ರಿಯ ಹೊಸ ನಾಜಲ್ ಇಟ್ಟಿದ್ದೇನೆ. ಒಳಬಾಯಿಯ ಫಿಲ್ಟರ್ ಜಾಲರಿಯೂ ಒಂದು ಇದೆ. ನಾಳೆ ಮೊದಲ ಸಲ ಯಂತ್ರ ಚಾಲೂ ಮಾಡುವಾಗ ನೀರು ಬಿಟ್ಟು, ಗಾಳಿ ಪೂರ್ತಿ ಹೋಗಿ ನೀರು ಸಮನಾಗಿ ಬರುವವರೆಗೆ ಟ್ರಿಗರ್ ಒತ್ತಿ, ಆಮೇಲೆ ಎಂಜಿನ್ ಎಳೆ. ಗೇಜು ಎಷ್ಟು ತೋರಿಸುತ್ತದೆ ಅಂತ ರಾತ್ರಿ ಫೋನ್ ಮಾಡಿ ಹೇಳು. 180ರ ಕೆಳಗಿದ್ದರೆ ಅಲ್ಲಿ ಏನೂ ಬಿಚ್ಚಬೇಡ, ಯಾವ ನಾಜಲ್ ಹಾಕಿದ್ದೀಯ ಅಂತ ಅದರ ಮೇಲಿನ ಅಂಕಿ ನೋಡಿ ಹೇಳು, ಇಬ್ಬರೂ ಕೂತು ನೋಡೋಣ.

ನಿನ್ನ ಅಮ್ಮ