ಗೆಳೆಯನಿಗೊಂದು ಪತ್ರ: ಪಿಯುಸಿಯಲ್ಲಿದ್ದಾಗಲೇ ಪದವಿಯ ಪಾಠ

ಕಲಬುರಗಿ

ಪ್ರಿಯ ಶರಣಪ್ಪ,

ಯಾದಗಿರಿಯಲ್ಲಿ ಪ್ರಥಮ ಪಿಯುಸಿ ಓದುತ್ತಿರುವ ನಿನ್ನ ಮಗ, ಐಐಟಿ ಪ್ರಾಧ್ಯಾಪಕರು ಪದವಿ ಮಟ್ಟದ ಪಾಠಗಳನ್ನು ಆನ್‌ಲೈನಿನಲ್ಲಿ ಹೇಳಿಕೊಡುವ ಎನ್‌ಪಿಟಿಇಎಲ್‌ನ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸಿಗೆ ಸೇರುತ್ತೇನೆಂದು ಹಟ ಹಿಡಿದಿರುವುದನ್ನೂ, ಅದರಿಂದ ಮುಂದೆ ಇಂಜಿನಿಯರಿಂಗ್ ಸೀಟಿಗೆ ಅನುಕೂಲವಾದೀತೇ ಎಂದು ನೀನು ಕೇಳಿರುವುದನ್ನೂ ಓದಿದೆ. ಸೀಟಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ: ಆಗುವುದಿಲ್ಲ. ಸಿಇಟಿ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕ ಇನ್ನರ್ಧ. ಈ ಕೋರ್ಸಿನ ಪ್ರಮಾಣಪತ್ರಕ್ಕೆ ಅಲ್ಲಿ ಜಾಗವಿಲ್ಲ. ಅಮೆರಿಕದಲ್ಲಾದರೆ ಹೈಸ್ಕೂಲಿನ ಮಕ್ಕಳು ಕಮ್ಯುನಿಟಿ ಕಾಲೇಜಿನಲ್ಲಿ ಓದಿದ ವಿಷಯವನ್ನು ಶಾಲೆಗೂ ಕಾಲೇಜಿಗೂ ಲೆಕ್ಕ ಹಿಡಿಯುವ ವ್ಯವಸ್ಥೆಯಿದೆ. ನಮ್ಮ ಪಿಯು ಮಕ್ಕಳಿಗೆ ಇದು ಪೂರ್ತಿ ಹೆಚ್ಚುವರಿ ದುಡಿಮೆ.

ಆದರೂ ಅವನು ಓದಲಿ ಎಂದೇ ನಾನು ಹೇಳುತ್ತೇನೆ. ಕಳೆದ ವರ್ಷ ನನ್ನ ಮಗಳು ಇಂಥದೇ ಕೋರ್ಸು ಮಾಡುವಾಗ 1ರಿಂದ 10ರವರೆಗಿನ ಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ ಬರೆದಳು. 55 ಬರಬೇಕಾದಲ್ಲಿ 45 ಬಂತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂದು ಕಡೆ ಪ್ರತಿ ಸುತ್ತಿನ ಸಂಖ್ಯೆಯನ್ನೂ ಇನ್ನೊಂದು ಕಡೆ ಅಲ್ಲಿಯವರೆಗಿನ ಮೊತ್ತವನ್ನೂ ಬರೆಯುತ್ತ ಹೋದಾಗಲೇ, ರೇಂಜ್(1, 10) ಎಂದು ಕೊಟ್ಟರೆ ಎಣಿಕೆ 9ಕ್ಕೇ ನಿಲ್ಲುತ್ತದೆಂಬುದು ಅವಳಿಗೆ ಹೊಳೆದದ್ದು. ಗೈಡಿನಲ್ಲಿ ಉತ್ತರ ನೋಡಿ ಮುಂದಕ್ಕೆ ಹೋಗುವ ನಮ್ಮ ಟ್ಯೂಷನ್ ಪದ್ಧತಿಯಲ್ಲಿ ತನ್ನ ತಪ್ಪನ್ನು ತಾನೇ ಬೆನ್ನಟ್ಟುವ ಈ ಅಭ್ಯಾಸಕ್ಕೆ ಅವಕಾಶ ಎಲ್ಲಿದೆ, ಹೇಳು?

ಭಾಷೆಯ ತೊಡಕು ಮಾತ್ರ ನಿಜವಾದದ್ದು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಐಐಟಿ ಪ್ರಾಧ್ಯಾಪಕರ ಇಂಗ್ಲಿಷ್ ಪಾಠ ಮೊದಮೊದಲು ಕೈಗೆ ಸಿಗುವುದಿಲ್ಲ. ಪಾಠದ ಲಿಖಿತ ರೂಪವನ್ನು ಮುಂದಿಟ್ಟುಕೊಂಡು, ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಲಿ. ಅದಕ್ಕೆ ಹಿಡಿಯುವ ಸಮಯವನ್ನು ದಂಡವೆಂದು ಎಣಿಸಿ ಗದರಬೇಡ.

ಸೇರುವುದಕ್ಕೆ ಹಣ ಕೊಡಬೇಕಾಗಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಂತಿಮ ಅಂಕದಲ್ಲಿ ವಾರವಾರದ ಅಸೈನ್‌ಮೆಂಟಿಗೆ ನೂರಕ್ಕೆ 25, ಪರೀಕ್ಷೆಗೆ 75. ಜುಲೈನಲ್ಲಿ ಆರಂಭವಾಗುವ ಸರದಿಯಲ್ಲೇ ಸೇರಿಸು, ಏಕೆಂದರೆ ಜನವರಿಯದು ವಾರ್ಷಿಕ ಪರೀಕ್ಷೆಯ ತಯಾರಿಯ ಮೇಲೆಯೇ ಬಂದು ಬೀಳುತ್ತದೆ. ಒಂದೇ ಕೋರ್ಸು ಸಾಕು. ಪಾಠವನ್ನು ಮೊಬೈಲಿನಲ್ಲಿ ನೋಡಬಹುದಾದರೂ ಪ್ರೋಗ್ರಾಂ ಬರೆಯಲು ಕೀಲಿಮಣೆ ಬೇಕು. ಕಾಲೇಜಿನ ಲ್ಯಾಬ್ ಸಂಜೆ ತೆರೆದಿರುತ್ತದೆಯೇ ಎಂದು ಪ್ರಾಂಶುಪಾಲರನ್ನು ಒಮ್ಮೆ ಕೇಳಿ ನೋಡು. ಪರೀಕ್ಷೆಗೆ ಕಟ್ಟುವ ಮಾತನ್ನು ಕೆಲವು ವಾರ ಕಳೆದ ಮೇಲೆ ಅವನೇ ಎತ್ತಲಿ.

ಇಂತಿ ನಿನ್ನ ಗೆಳೆಯ