ಪ್ಲ್ಯಾನ್ ಬರೆಯುವ ಮುಂಚೆ ನಿವೃತ್ತಿ ಪಟ್ಟಿ ತರಿಸಿಕೊ

ಕಲಬುರಗಿ

ಪ್ರೀತಿಯ ಮಗಳೇ,

ಗುಲ್ಬರ್ಗಾ ವಿ.ವಿ.ಯ ಐದು ವರ್ಷದ ಶೈಕ್ಷಣಿಕ ಯೋಜನೆಗೆ ಕಮಿಟಿ ಮಾಡಿ, ಅದರಲ್ಲಿ ನಿನ್ನ ಹೆಸರೂ ಹಾಕಿದ್ದಾರೆ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಖುಷಿಯಾಯಿತು. ಕಮಿಟಿಗೆ ಕಿರಿಯರನ್ನು ಸೇರಿಸಿಕೊಳ್ಳುವುದು ಹೆಚ್ಚಾಗಿ ಬರೆಯುವ ಕೆಲಸಕ್ಕೇ. ಬೇಜಾರು ಮಾಡಿಕೊಳ್ಳಬೇಡ. ಮೊದಲ ಪುಟದಲ್ಲಿ ಏನು ಬರಬೇಕು ಅನ್ನುವುದು ಬರೆಯುವವರ ಕೈಯಲ್ಲೇ ಇರುತ್ತದೆ.

ಇಂಥ ಕರಡುಗಳು ಸಾಮಾನ್ಯವಾಗಿ ‘ದೂರದೃಷ್ಟಿ’ಯಿಂದ ಶುರುವಾಗುತ್ತವೆ. ಆಮೇಲೆ ಹೊಸ ಕೋರ್ಸುಗಳ ಸಾಲು. ಎಐ, ಡೇಟಾ ಸೈನ್ಸ್, ಇನ್ನೂ ಏನೇನೋ. ಕೊನೆಯಲ್ಲಿ ಒಂದೇ ಸಾಲು: ‘ಅಗತ್ಯ ಬೋಧಕರನ್ನು ನೇಮಿಸಿಕೊಳ್ಳಲಾಗುವುದು.’ ಆ ಸಾಲು ಕಂಡರೆ ನನಗೆ ಸಿಟ್ಟು ಬರುತ್ತದೆ. ನೇಮಿಸುವವರು ಯಾರು? ವಿ.ವಿ.ಯೊಳಗಿನ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟು ಎಲ್ಲವೂ ಒಪ್ಪಿದರೂ ಹುದ್ದೆ ಕೊಡುವುದು ಸರ್ಕಾರ. ಆರ್ಥಿಕ ಇಲಾಖೆ ಹೂಂ ಅನ್ನಬೇಕು. ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನುವ ರೋಸ್ಟರ್ ಆಗಬೇಕು. ನಮ್ಮ ಭಾಗದಲ್ಲಿ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ಮೀಸಲಾತಿಯ ಲೆಕ್ಕವೂ ಅದರಲ್ಲೇ ಕೂಡಬೇಕು. ಅಷ್ಟರಲ್ಲಿ ಐದು ವರ್ಷದಲ್ಲಿ ಅರ್ಧ ಹೋಗಿರುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ನಿವೃತ್ತಿ ಪಟ್ಟಿ ತರಿಸಿಕೊ. ಪ್ರತಿ ವಿಭಾಗದಲ್ಲಿ ಕಾಯಂ ಬೋಧಕರು ಎಷ್ಟು ಜನ, ಯಾರು ಯಾವ ವರ್ಷ ಹೊರಗೆ ಹೋಗುತ್ತಾರೆ, ಒಂದೇ ಹಾಳೆಯಲ್ಲಿ ಕಾಣಬೇಕು. ಅದರ ಪಕ್ಕದಲ್ಲಿ ಪಾಠದ ಹೊರೆ ಬರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಈಗ ಪಾಠ ಮಾಡಬೇಕಾದ ವಿಷಯಗಳನ್ನು ಈ ಗಂಟೆಗಳಿಗೆ ಹಂಚಿ ನೋಡು. ಎಷ್ಟು ಗಂಟೆ ಅತಿಥಿ ಉಪನ್ಯಾಸಕರ ತಲೆಯ ಮೇಲಿದೆ ಅಂತ ಆಗ ಗೊತ್ತಾಗುತ್ತದೆ.

ಪಿಎಚ್.ಡಿ. ಲೆಕ್ಕ ಇನ್ನೂ ಬಿಗಿ. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ 8 ಜನ, ಸಹ ಪ್ರಾಧ್ಯಾಪಕರಿಗೆ 6, ಸಹಾಯಕರಿಗೆ 4. ಇದು ಎಲ್ಲರಿಗೂ ಗೊತ್ತು. ಆದರೆ ಯುಜಿಸಿಯ 2022ರ ಪಿಎಚ್.ಡಿ. ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಪ್ಲ್ಯಾನ್ ಬರೆಯುವವರು ಮರೆತುಬಿಡುತ್ತಾರೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ 2030ರಲ್ಲಿ ಹೋಗುವ ಪ್ರಾಧ್ಯಾಪಕರ ಸೀಟು 2027ಕ್ಕೇ ನಿಂತುಹೋಗುತ್ತದೆ. ಕುರ್ಚಿಯಲ್ಲಿ ಮನುಷ್ಯ ಕಾಣುತ್ತಿರುತ್ತಾನೆ, ಸಂಶೋಧನೆ ಮಾತ್ರ ಆಗಲೇ ಸೊರಗಿರುತ್ತದೆ. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಪಾಠ ಮಾಡಲಿ (ಮಾಡುತ್ತಾರೆ, ಅದನ್ನೂ ಬರಿ), ನಿಯಮದ ಪ್ರಕಾರ ಅವರು ಮಾರ್ಗದರ್ಶಕರಾಗುವಂತಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದವರ ಮೇಲೆ ಐದು ವರ್ಷದ ಯೋಜನೆಯ ಭಾರ ಹೊರಿಸುವುದು ಅನ್ಯಾಯ ಅಲ್ವಾ?

ಇಷ್ಟು ಮಾಡಿದ ಮೇಲೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಉರ್ದು, ಮರಾಠಿ ವಿಭಾಗಗಳಿಂದ ಹುದ್ದೆ ತೆಗೆದು ಹೊಸ ಕೋರ್ಸಿಗೆ ಕೊಡೋಣ ಅಂತ. ಅಡ್ಮಿಷನ್ ಸಂಖ್ಯೆಯನ್ನೂ ಮುಂದಿಡುತ್ತಾರೆ. ನೀನು ಸುಮ್ನೆ ಕೂರಬೇಡ. ಆಳಂದ, ಬೀದರ್ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿಯೇ ಮನೆಮಾತು. ಸೂಫಿ ಸಂತ ಬಂದೇ ನವಾಜರ ಈ ಊರಲ್ಲಿ ಉರ್ದು ಓದಲು ಇನ್ನೆಲ್ಲಿಗೆ ಹೋಗಬೇಕು? ಡೇಟಾ ಸೈನ್ಸ್ ಬೇಕಾದರೆ ಬೆಂಗಳೂರಿನಲ್ಲೂ ಸಿಗುತ್ತದೆ. ಇಲ್ಲೇ ಸಿಗಬೇಕಾದದ್ದನ್ನು ಮೊದಲು ಉಳಿಸಿಕೊಳ್ಳಬೇಕು. ಚಿತ್ತಾಪುರದ ಹತ್ತಿರ ನಾಗಾವಿಯ ಘಟಿಕಾಸ್ಥಾನದಲ್ಲಿ (ಆ ಕಾಲದ ಉನ್ನತ ವಿದ್ಯಾಕೇಂದ್ರ) 11ನೇ ಶತಮಾನದಲ್ಲೇ ಪುಸ್ತಕ ನೋಡಿಕೊಳ್ಳಲು 6 ಜನ ಸರಸ್ವತಿ ಭಂಡಾರಿಗರಿದ್ದರು. ಅಷ್ಟು ಜನರನ್ನು ಶಾಸನದಲ್ಲಿ ಎಣಿಸಿ ಬರೆಸಿದ್ದಾರೆ ನೋಡು. ನಿಮ್ಮ ಪ್ಲ್ಯಾನಿನಲ್ಲಿ ಗ್ರಂಥಾಲಯದ ಸಿಬ್ಬಂದಿಗೆ ಒಂದು ಸಾಲಾದರೂ ಇರಲಿ.

ದುಡ್ಡಿನ ವಿಷಯ. 1980ರಲ್ಲಿ ವಿ.ವಿ. ಶುರುವಾದಾಗ ಬಳ್ಳಾರಿಯವರೆಗಿನ ಕಾಲೇಜುಗಳೆಲ್ಲ ಇದರ ಕೆಳಗೇ ಇದ್ದವು. 2010ರಲ್ಲಿ ಬಳ್ಳಾರಿ, ಕೊಪ್ಪಳ ಬೇರೆಯಾದವು. ಆಮೇಲೆ ರಾಯಚೂರು, ಯಾದಗಿರಿ. ಆಮೇಲೆ ಬೀದರ್. ಕಾಲೇಜುಗಳು ಹೋದ ಹಾಗೆ ಸಂಯೋಜನೆ (ಅಫಿಲಿಯೇಷನ್) ಶುಲ್ಕ, ಪರೀಕ್ಷೆ ಶುಲ್ಕವೂ ಹೋಗುತ್ತವೆ. ಹಳೆಯ ಆದಾಯ ಹಿಡಿದುಕೊಂಡು ಹೊಸ ಕಟ್ಟಡದ ಕನಸು ಬರೆಯಬೇಡಿ. ಪಕ್ಕದ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿ.ವಿ. ಇದೆ. ಅವರ ಲ್ಯಾಬು, ನಿಮ್ಮ ಗ್ರಂಥಾಲಯ ಹಂಚಿಕೊಳ್ಳುವುದಕ್ಕೆ ಒಂದು ಒಪ್ಪಂದ ಸಾಕು, ಕಟ್ಟಡ ಬೇಕಿಲ್ಲ.

ಪಠ್ಯಕ್ರಮ ಇನ್ನೊಂದು ತಲೆನೋವು. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಬಂತು. ಫೇಲಾದವರು ಹಳೆಯ ಸ್ಕೀಮಿನಲ್ಲೇ ಉಳಿದಿರುತ್ತಾರೆ. ಅವರಿಗೆ ಇನ್ನೂ ಎಷ್ಟು ಸಲ ಪ್ರಶ್ನೆಪತ್ರಿಕೆ ತೆಗೆಯಬೇಕು ಅಂತ ಪರೀಕ್ಷಾ ವಿಭಾಗದವರನ್ನು ಕೇಳಿ ಬರೆದುಕೊ. ಮೇಲಿನವರು ನೀತಿ ಬದಲಿಸಿದಾಗಲೆಲ್ಲ ಕೆಳಗೆ ಕೆಲಸ ಜಾಸ್ತಿಯಾಗುತ್ತದೆ.

ಕ್ಯಾಲೆಂಡರ್ ಮಾಡುವಾಗ ಬೆಂಗಳೂರಿನದ್ದನ್ನು ನಕಲು ಹೊಡೆಯಬೇಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಹಳ್ಳಿ ಹುಡುಗರು ಹೊಲದಲ್ಲಿರುತ್ತಾರೆ. ಏಪ್ರಿಲ್, ಮೇ ಬಂತೆಂದರೆ ನಮ್ಮಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಇಡುವವರು ಒಮ್ಮೆ ಬಸ್‌ಸ್ಟ್ಯಾಂಡಿನಿಂದ ನಡೆದು ನೋಡಲಿ.

ವಿ.ವಿ.ಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರೂ ಈ ಯೋಜನೆ ಕೇಳುತ್ತಾರೆ, ನಿಜ. ಅದಕ್ಕಾಗಿಯೇ ಬರೆದರೆ ಅವರ ಪರಿಶೀಲನೆ ಮುಗಿದ ಮೇಲೆ ಅದು ಅಲ್ಮೇರಾ ಸೇರುತ್ತದೆ.

ನಿವೃತ್ತಿ ಪಟ್ಟಿಯನ್ನು ಬಾಯಿಮಾತಿನಲ್ಲಿ ಕೇಳಬೇಡ. ಕಮಿಟಿ ಅಧ್ಯಕ್ಷರ ಸಹಿ ಹಾಕಿಸಿ ಪತ್ರ ಕೊಡು, ಪತ್ರ ತಲುಪಿದ್ದಕ್ಕೆ ಇನ್‌ವರ್ಡ್ ನಂಬರ್ ತೆಗೆದುಕೊ. ವಾರದಲ್ಲಿ ಬರದಿದ್ದರೆ ನೀನೇ ಹೋಗಿ ಸೇವಾ ವಿವರ ನೋಡಿ ಬರೆದುಕೊ. ಹಾಳೆ ತಯಾರಾದ ಮೇಲೆ ನನಗೆ ವಾಟ್ಸಾಪ್ ಮಾಡು. ಅಕ್ಷರ ದೊಡ್ಡದಿರಲಿ, ಕಣ್ಣು ಮೊದಲಿನ ಹಾಗಿಲ್ಲ.

ಇತಿ,
ನಿನ್ನ ಕಾಕಾ