ಪೆಟ್ರೋಲ್ ಪೈಪು ಮತ್ತು ಕಾರ್ಬುರೇಟರ್ ಕಿಟ್‌ಗಳ ಮಾರಾಟದ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

2025ರ ಡಿಸೆಂಬರ್ 1ರಿಂದ ನಮ್ಮ ನಾನಾ ಪೇಠೆಯ ಅಂಗಡಿಯಲ್ಲಿ ಮೀಟರ್ ಲೆಕ್ಕದ ಕಪ್ಪು ಪೆಟ್ರೋಲ್ ಪೈಪನ್ನು ಮಾರುವುದಿಲ್ಲ. ಪ್ರೀಮಿಯರ್ ಪದ್ಮಿನಿ ಮತ್ತು ಕಾರ್ಬುರೇಟರ್ (ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿಕೊಡುವ ಭಾಗ) ಇರುವ ಮಾರುತಿ 800 ಕಾರುಗಳಿಗೆ ಇಷ್ಟು ವರ್ಷ ಕೊಡುತ್ತಿದ್ದ ಹಳೆಯ ಬಗೆಯ ಕಾರ್ಬುರೇಟರ್ ಕಿಟ್ ಮತ್ತು ಪಂಪಿನ ಡಯಾಫ್ರಮ್‌ಗಳ (ಒಳಗಿನ ರಬ್ಬರ್ ಪರದೆಗಳ) ಮಾರಾಟವೂ ಅಂದೇ ನಿಲ್ಲುತ್ತದೆ. ಅವುಗಳ ಬದಲಿಗೆ ಎಥೆನಾಲ್ ಬೆರೆತ ಪೆಟ್ರೋಲನ್ನು ತಡೆದುಕೊಳ್ಳುವ ಒಳಪದರದ ಪೈಪು ಮತ್ತು ಅದೇ ಬಗೆಯ ರಬ್ಬರಿನ ಕಿಟ್ ಮಾತ್ರ ಸಿಗುತ್ತವೆ. ಪೈಪಿನ ಬೆಲೆ ಮೀಟರಿಗೆ 90 ರೂಪಾಯಿ ಇದ್ದದ್ದು 420 ರೂಪಾಯಿ ಆಗುತ್ತದೆ. ಕಿಟ್ಟಿನ ಬೆಲೆ 472 ರೂಪಾಯಿಯಿಂದ 885 ರೂಪಾಯಿಗೆ ಏರುತ್ತದೆ. ಈ ಅಂಕಿಗಳನ್ನು ಬರೆಯುವಾಗ ನಮ್ಮ ಕೈಗೂ ಸ್ವಲ್ಪ ಸಂಕೋಚವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮರಾಠಿಯಲ್ಲಿ ನಾಲ್ಕು ಸಾಲಿನ ಸೂಚನೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದೇವೆ. ಆದರೆ ಭಾನುವಾರದ ಗಿರಾಕಿಗಳಲ್ಲಿ ನಮ್ಮ ಭಾಷೆಯವರೇ ಹೆಚ್ಚು, ಜಿಎಸ್‌ಟಿ ಇಳಿದರೂ ಬೆಲೆ ಏಕೆ ಏರುತ್ತಿದೆ ಎಂದು ಕಳೆದ ಎರಡು ತಿಂಗಳಲ್ಲಿ ನಮ್ಮನ್ನು ಗದರಿಸಿದವರಲ್ಲಿಯೂ ಅವರೇ ಹೆಚ್ಚು. ಕನ್ನಡದಲ್ಲಿ ಬಂದ ಬೈಗುಳಕ್ಕೆ ಕನ್ನಡದಲ್ಲಿಯೇ ಉತ್ತರ ಕೊಡುವುದು ಮರ್ಯಾದೆ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪಿನ ವಿಷಯ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಬಿಡುಗಡೆ ಮಾಡಿದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಅದು ಕೆಲವೇ ಬಂಕುಗಳಲ್ಲಿ ಸಿಗುವ ಸರಕು, ನಮ್ಮ ಹಳೆಯ ಕಾರಿನವರು ಬೇರೆ ಬಂಕಿಗೆ ಹೋದರಾಯಿತು ಎಂದುಕೊಂಡೆವು. ಈಗ ಬೇರೆ ಬಂಕು ಎಂಬುದೇ ಉಳಿದಿಲ್ಲ. ಈ ನಡುವಿನ ಅವಧಿಯಲ್ಲಿ ನಾವು ಅಪ್ಪನ ಕಾಲದಿಂದ ತರಿಸುತ್ತಿದ್ದ ಅದೇ ನೈಟ್ರೈಲ್ ರಬ್ಬರಿನ ಪೈಪನ್ನು ಅದೇ ಕತ್ತರಿಯಿಂದ ಅಳೆದು ಕತ್ತರಿಸಿ ಕೊಡುತ್ತಲೇ ಬಂದೆವು. ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಹಳೆಯ ಗ್ರಾಹಕರೊಬ್ಬರು ತಮ್ಮ ಪದ್ಮಿನಿಯಲ್ಲಿ ಕುಟುಂಬದೊಂದಿಗೆ ಬೆಳಗಾವಿಗೆ ಹೊರಟಿದ್ದಾಗ ಖಂಬಾಟ್ಕಿ ಘಾಟ್ ಏರುವಾಗ ಪೆಟ್ರೋಲಿನ ವಾಸನೆ ಬಂದು ಗಾಡಿ ನಿಲ್ಲಿಸಿದರು. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪು ಕ್ಲಿಪ್ಪಿನ ಬಳಿ ಬಾಯಿ ಬಿಟ್ಟಿತ್ತು. ಅವರು ಕೂಡಲೇ ಎಂಜಿನ್ ಆರಿಸಿ ಎಲ್ಲರನ್ನೂ ಇಳಿಸಿದ್ದರಿಂದ ಅನಾಹುತ ತಪ್ಪಿತು. ಆ ಪೈಪು ಹದಿನಾಲ್ಕು ತಿಂಗಳ ಹಿಂದೆ ನಮ್ಮಲ್ಲಿಯೇ ಕೊಂಡದ್ದು. ಅವರು ನಮ್ಮ ಮೇಲೆ ಕೂಗಾಡಲಿಲ್ಲ. ಪೈಪಿನ ತುಂಡನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟು ಚಹಾ ಕುಡಿದು ಹೋದರು. ಕೂಗಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ. ಅವರಲ್ಲಿ ಮತ್ತು ಆ ಪೈಪು ಕೊಂಡ ಎಲ್ಲರಲ್ಲಿ ನಾವು ಕ್ಷಮೆ ಕೇಳುತ್ತೇವೆ.

ಆ ತುಂಡನ್ನು ಉದ್ದಕ್ಕೆ ಸೀಳಿ ನೋಡಿದಾಗ ಹೊರಮೈ ಹೊಸದರಂತೆಯೇ ಇತ್ತು, ಒಳಮೈ ಮಾತ್ರ ಬೆರಳಿಗೆ ಮಸಿ ಹತ್ತುವಷ್ಟು ಮೆತ್ತಗಾಗಿತ್ತು. ನನ್ನ ತಮ್ಮ ಅನುಮಾನಪಟ್ಟು ಉಪ್ಪಿನಕಾಯಿಯ ಮೂರು ಗಾಜಿನ ಬಾಟಲಿಗಳಲ್ಲಿ ಬಂಕಿನ ಪೆಟ್ರೋಲ್ ಹಾಕಿ ನಮ್ಮ ಪೈಪು, ಪೇಟೆಯ ಇನ್ನೊಂದು ಪೈಪು ಮತ್ತು ಎಥೆನಾಲನ್ನು ತಡೆಯುವ ವಿಟಾನ್ ರಬ್ಬರಿನ ಒಳಪದರದ ಪೈಪು, ಹೀಗೆ ಮೂರರ ತುಂಡುಗಳನ್ನು ಮುಳುಗಿಸಿ ಹಿತ್ತಲಿನ ನೆರಳಿನಲ್ಲಿ ಇಟ್ಟನು. ಮೂರು ವಾರಗಳ ನಂತರ ಮೊದಲ ಎರಡು ಊದಿಕೊಂಡಿದ್ದವು. ಮೂರನೆಯದು ಹಾಗೆಯೇ ಇತ್ತು. ಪ್ರಯೋಗಾಲಯದ ಪರೀಕ್ಷೆ ಇದೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಅಂಗಡಿಯ ಮಟ್ಟಿಗೆ ತೀರ್ಮಾನ ಮಾಡಲು ಅಷ್ಟು ಸಾಕಾಯಿತು.

ಸ್ವತಃ ಬಾನೆಟ್ ತೆಗೆದು ಕೆಲಸ ಮಾಡುವ ತಮಗೆ ಇದರ ಕಾರಣ ವಿವರಿಸುವ ಅಗತ್ಯ ಬಹುಶಃ ಇಲ್ಲ. ಆದರೂ ಎರಡು ಮಾತು. ಎಥೆನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊದಿಕೆಯ ಕೆಳಗೆ ನಿಲ್ಲಿಸಿದ ಕಾರಿನ ಫ್ಲೋಟ್ ಚೇಂಬರ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತೆರೆದಾಗ ಕಾಣುವ ಬಿಳಿ ಪುಡಿ ಮುಖ್ಯವಾಗಿ ಈ ತೇವದಿಂದ ಲೋಹ ತಿಂದುಹೋದದ್ದು. ಟ್ಯಾಂಕಿಯ ತಳದಲ್ಲಿ ಮೂವತ್ತು ವರ್ಷಗಳಿಂದ ಅಂಟಿಕೊಂಡಿದ್ದ ಕೆಸರನ್ನೂ ಎಥೆನಾಲ್ ಸಡಿಲಿಸುತ್ತದೆ. ಅದು ಹೊರಟು ಬಂದು ಕಾರ್ಬುರೇಟರಿನ ಸಣ್ಣ ರಂಧ್ರದಲ್ಲಿ, ಅಂದರೆ ಜೆಟ್ಟಿನಲ್ಲಿ, ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿಯಿಂದ ಪಂಪಿಗೆ ಬರುವ ಕಡೆಯ ಪೈಪು ಮೆತ್ತಗಾದರೆ ಸೋರುವುದು ಕಾಣುವುದೇ ಇಲ್ಲ. ಅದು ಒಳಗೆ ಕುಸಿಯುತ್ತದೆ ಅಥವಾ ಗಾಳಿ ಎಳೆಯುತ್ತದೆ, ಗಾಡಿ ಏರಿನಲ್ಲಿ ಉಸಿರುಗಟ್ಟುತ್ತದೆ, ತಾವು ಪಂಪನ್ನು ದೂರಿ ಹೊಸ ಪಂಪ್ ಕೊಳ್ಳಲು ನಮ್ಮಲ್ಲಿಗೆ ಬರುತ್ತೀರಿ. ಹಾಗೆ ಬಂದ ಇಬ್ಬರಿಗೆ ಪಂಪ್ ಕೊಡದೆ ಒಂದು ಅಡಿ ಪೈಪು ಕೊಟ್ಟು ಕಳಿಸಿದ್ದೇವೆ ಎಂಬುದನ್ನು, ನಮ್ಮನ್ನು ಲಾಭಕೋರರು ಎಂದವರು ದಯವಿಟ್ಟು ಗಮನಿಸಬೇಕು.

ಇನ್ನು ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇವೆ: ‘ಜಿಎಸ್‌ಟಿ ಇಳಿದ ಮೇಲೆ ನಿಮ್ಮ ಬೆಲೆ ಏರುತ್ತಿರುವುದು ಹೇಗೆ?’ 2025ರ ಸೆಪ್ಟೆಂಬರ್ 22ರಿಂದ ಈಚೆಗೆ ಈ ಪ್ರಶ್ನೆ ಕೇಳದ ದಿನವಿಲ್ಲ. ಕೆಲವರು ನಗುತ್ತಾ ಕೇಳಿದರು. ಕೆಲವರು ಪತ್ರಿಕೆಯ ತುಣುಕನ್ನು ಮೇಜಿನ ಮೇಲೆ ಹಾಸಿ ಕೇಳಿದರು. ಒಬ್ಬರು, ಅವರ ಮೇಲೆ ನಮಗೆ ಗೌರವವಿದೆ, ‘ಸರ್ಕಾರ ಕೊಟ್ಟದ್ದನ್ನು ನೀವು ತಿಂದಿರಿ’ ಎಂದರು. ಆ ಮಾತು ಈ ಪತ್ರಕ್ಕೆ ಅರ್ಧ ಕಾರಣ.

ವಾಹನದ ಬಿಡಿಭಾಗಗಳ ಮೇಲಿನ ತೆರಿಗೆ ಅಂದು ಶೇಕಡಾ 28ರಿಂದ 18ಕ್ಕೆ ಇಳಿದದ್ದು ನಿಜ. ಹಾಗೆಂದು ಬೆಲೆ ನೂರಕ್ಕೆ ಹತ್ತು ಇಳಿಯುವುದಿಲ್ಲ. ನೂರು ರೂಪಾಯಿಯ ವಸ್ತು ಮೊದಲು 128ಕ್ಕೆ ತಮ್ಮ ಕೈ ಸೇರುತ್ತಿತ್ತು, ಈಗ 118ಕ್ಕೆ ಸೇರುತ್ತದೆ. ಅಂದರೆ ತಾವು ಕೊಡುವ ಹಣದಲ್ಲಿ ನೂರಕ್ಕೆ ಎಂಟು ರೂಪಾಯಿಗೂ ಸ್ವಲ್ಪ ಕಡಿಮೆ ಉಳಿತಾಯ. ಆ ಉಳಿತಾಯವನ್ನು ಬ್ರೇಕ್ ಶೂ, ಕ್ಲಚ್ ಪ್ಲೇಟ್, ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಪಂಪ್ ಇವೆಲ್ಲವುಗಳ ಮೇಲೆ 22ರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಕೊಟ್ಟಿದ್ದೇವೆ. ಘಟಸ್ಥಾಪನೆಯ ಹಿಂದಿನ ಎರಡು ರಾತ್ರಿ ನನ್ನ ತಮ್ಮನು ಕುಳಿತು ಅಂಗಡಿಯ ದರಪಟ್ಟಿಯನ್ನು ಕೈಯಿಂದಲೇ ತಿದ್ದಿದ್ದಾನೆ. ಡಬ್ಬಿಯ ಮೇಲೆ ಹಳೆಯ ಗರಿಷ್ಠ ಬೆಲೆಯೇ ಅಚ್ಚಾಗಿದ್ದರೂ ಬಿಲ್ಲಿನಲ್ಲಿ ಹೊಸ ದರವೇ ಇರುತ್ತದೆ. ದಯವಿಟ್ಟು ಡಬ್ಬಿಯನ್ನು ಓದಿ ಸಿಟ್ಟಾಗದೆ ಬಿಲ್ಲನ್ನು ಓದಿ. ಎಂಜಿನ್ ಆಯಿಲಿನ ಬೆಲೆ ಏಕೆ ಇಳಿಯಲಿಲ್ಲ ಎಂದು ಕೇಳಿದವರಿಗೆ ಉತ್ತರ ಸುಲಭ: 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಂದಿನಿಂದ ಅದರ ತೆರಿಗೆ 18 ಇತ್ತು, ಈಗಲೂ 18 ಇದೆ.

ತೆರಿಗೆಯ ವ್ಯತ್ಯಾಸವನ್ನು ಅಂಗಡಿಯವರು ಜೇಬಿಗೆ ಹಾಕಿಕೊಳ್ಳುತ್ತಾರೆ ಎಂಬ ನಂಬಿಕೆ ಬಹಳ ಹಳೆಯದು. ನಾವು ತಮ್ಮಿಂದ ಪಡೆದ ತೆರಿಗೆಯಲ್ಲಿ ಸರಕು ಕೊಳ್ಳುವಾಗ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತೇವೆ. ಆಗಸ್ಟ್‌ನಲ್ಲಿ 28ರಂತೆ ತೆರಿಗೆ ಕೊಟ್ಟು ತಂದ ಸರಕನ್ನು ಅಕ್ಟೋಬರಿನಲ್ಲಿ 18ರಂತೆ ಮಾರಿದಾಗ ವ್ಯತ್ಯಾಸ ಲೆಕ್ಕದಲ್ಲಿ ಜಮೆಯಾಗಿ ಕುಳಿತುಕೊಳ್ಳುತ್ತದೆ. ಅದು ಕಳೆದುಹೋದ ಹಣವಲ್ಲ ಎಂದು ನಮ್ಮ ಲೆಕ್ಕಪರಿಶೋಧಕರು ಸಮಾಧಾನ ಹೇಳುತ್ತಾರೆ. ಆದರೆ ಜಮೆಯಲ್ಲಿ ಕುಳಿತ ಹಣದಿಂದ ಅಂಗಡಿಯ ಬಾಡಿಗೆ ಕಟ್ಟಲು ಬರುವುದಿಲ್ಲ.

ಹಾಗಾದರೆ ಕಿಟ್ಟಿನ ಬೆಲೆ? ಹಳೆಯ ಕಿಟ್ಟಿನ ಮೂಲ ಬೆಲೆ 400 ರೂಪಾಯಿ. ತೆರಿಗೆ ಸೇರಿ 512 ಇದ್ದದ್ದು ಸೆಪ್ಟೆಂಬರಿನಲ್ಲಿ 472 ಆಯಿತು. ಆ ನಲವತ್ತು ರೂಪಾಯಿಯನ್ನು ತಮಗೆ ಕೊಟ್ಟಾಗಿದೆ. ಹೊಸ ಕಿಟ್ಟಿನ ಮೂಲ ಬೆಲೆಯೇ 750. ಏರಿಕೆಯಲ್ಲಿ ತೆರಿಗೆಯ ಪಾತ್ರವಿಲ್ಲ, ರಬ್ಬರಿನದ್ದಿದೆ. ಎಥೆನಾಲನ್ನು ತಡೆಯುವ ಫ್ಲೋರೋಕಾರ್ಬನ್ ರಬ್ಬರು, ಅಂದರೆ ಪೇಟೆಯಲ್ಲಿ ವಿಟಾನ್ ಎಂದು ಕರೆಯುವುದು, ನೈಟ್ರೈಲಿಗಿಂತ ಹಲವು ಪಟ್ಟು ದುಬಾರಿ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಈ ಭಾಗಗಳನ್ನು ಅಚ್ಚು ಹಾಕಿಕೊಡುವವರು ಒಮ್ಮೆಗೆ ಐದು ನೂರು ಕಿಟ್‌ಗಳಿಗಿಂತ ಕಡಿಮೆ ಮಾಡಲು ಒಪ್ಪುವುದಿಲ್ಲ. ಅವರನ್ನೂ ದೂರುವಂತಿಲ್ಲ, ಹೊಸ ಕಾರಿಗೆ ಸಾವಿರಗಟ್ಟಲೆ ತುಂಡು ಮಾಡುವ ಯಂತ್ರವನ್ನು ನಮ್ಮ ಪದ್ಮಿನಿಯ ನೀಡಲ್ ವಾಲ್ವಿನ ತುದಿಗಾಗಿ ಅರ್ಧ ದಿನ ನಿಲ್ಲಿಸಬೇಕು. ಡೈಗೆ, ಅಂದರೆ ಅಚ್ಚಿಗೆ, ಕೊಟ್ಟ ಹಣ ಬೇರೆ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಈ ಬಿಡಿಭಾಗಗಳು ಲೆಕ್ಕವಿಲ್ಲದಷ್ಟು ತಯಾರಾಗುತ್ತಿದ್ದವು, ಅದರ ಅಗ್ಗದ ಲಾಭ ನಮ್ಮಂಥ ಮನೆಯ ಕಾರಿನವರಿಗೂ ಸಿಗುತ್ತಿತ್ತು. ಈಗ ಆ ನೆರಳು ಇಲ್ಲ. ಐದು ನೂರು ಕಿಟ್‌ಗಳನ್ನು ಮಾರಲು ನಮಗೆ ಎರಡು ವರ್ಷವಾದರೂ ಬೇಕು.

ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದು ಹೇಳಿತ್ತು. ಅದನ್ನೂ ಹಲವರು ನಮಗೆ ಓದಿ ತೋರಿಸಿದರು. ಸಾವಿರದ ಮುನ್ನೂರು ರೂಪಾಯಿಗೆ ಕಿಟ್ಟೂ ಒಂದು ಮೀಟರ್ ಪೈಪೂ ಬರುವುದನ್ನು ಹೆಚ್ಚು ಖರ್ಚಿಲ್ಲ ಎನ್ನಬಹುದೋ ಇಲ್ಲವೋ ತಾವೇ ಹೇಳಬೇಕು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹತ್ತು ಸಾವಿರ ಆದ ಸಿಟ್ಟನ್ನೂ ಕೆಲವರು ನಮ್ಮ ಮೇಜಿನ ಮುಂದೆಯೇ ಇಳಿಸುತ್ತಾರೆ. ಕೇಳಿಸಿಕೊಳ್ಳಲು ನಮಗೆ ಬೇಸರವಿಲ್ಲ, ನಮ್ಮ ಕಾರಿಗೂ ಅದೇ ಶುಲ್ಕ. ಆದರೆ ಆ ಹಣ ಆರ್‌ಟಿಒಗೆ ಹೋಗುತ್ತದೆ.

ಹಳೆಯ ಪೈಪನ್ನು ‘ನಮ್ಮ ಜವಾಬ್ದಾರಿಯ ಮೇಲೆ ಕೊಡಿ’ ಎಂದು ಕೇಳಿದವರಿದ್ದಾರೆ. ಕೊಡುವುದಿಲ್ಲ. ಪಕ್ಕದ ಗಲ್ಲಿಯಲ್ಲಿ 80 ರೂಪಾಯಿಗೆ ಸಿಗುತ್ತದೆ ಎಂಬುದೂ ಗೊತ್ತು. ಉಳಿದಿದ್ದ ಅರವತ್ತೊಂದು ಹಳೆಯ ಕಿಟ್‌ಗಳನ್ನು ಅಟ್ಟಕ್ಕೆ ಹಾಕಿದ್ದೇವೆ; ಅವುಗಳ ನಷ್ಟವನ್ನು ಹೊಸ ಬೆಲೆಯಲ್ಲಿ ಸೇರಿಸಿಲ್ಲ.

ಹೊಸ ಪೈಪು ಹಾಕುವವರು ಎರಡು ವಿಷಯಗಳನ್ನು ಮರೆಯಬಾರದು. ಈ ಪೈಪು ಕಾರ್ಬುರೇಟರ್ ಕಾರುಗಳಿಗೆ ಮಾತ್ರ. ಅವುಗಳ ಯಾಂತ್ರಿಕ ಪಂಪಿನ ಒತ್ತಡ ಕಾಲು ಬಾರ್ (ಒತ್ತಡದ ಅಳತೆ) ಆಸುಪಾಸು; ಎಂಪಿಎಫ್‌ಐ (ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ವ್ಯವಸ್ಥೆ) ಇರುವ 800, ಝೆನ್, ಎಸ್ಟೀಮ್ ಕಾರುಗಳಲ್ಲಿ ಅದು ಎರಡೂವರೆ ಮೂರು ಬಾರಿನಷ್ಟು ಇರುತ್ತದೆ. ಅವುಗಳ ಪೈಪು ಬೇರೆ, ಕಾರಿನ ಹೆಸರು ಹೇಳಿ ಕೇಳಿ. ಎರಡನೆಯದಾಗಿ, ಸ್ಕ್ರೂ ಪಟ್ಟಿಯ ಸಾಮಾನ್ಯ ಕ್ಲಿಪ್ಪಿನ ಅಂಚು ರಬ್ಬರನ್ನು ಕತ್ತರಿಸುತ್ತದೆ. ಪೈಪಿನ ಜೊತೆಗೆ ಅಂಚು ಮಡಿಸಿದ ನಾಲ್ಕು ಕ್ಲಿಪ್ಪುಗಳನ್ನು ನಾವು ಹಣವಿಲ್ಲದೆ ಕೊಡುತ್ತೇವೆ. ಕಿಟ್ ಹಾಕಿದ ಮೇಲೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಸರಿಹೊಂದಿಸಿ. ಎಥೆನಾಲಿನಿಂದ ಮಿಶ್ರಣ ತೆಳುವಾಗುತ್ತದೆ, ಕಾರ್ಬುರೇಟರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಪೊಟ್ಟಣ ಒಡೆದ ಕಿಟ್ಟನ್ನು ಇನ್ನು ಮುಂದೆ ವಾಪಸು ಪಡೆಯುವುದಿಲ್ಲ, ಇದೊಂದು ನಿಯಮವನ್ನು ಬಿಗಿ ಮಾಡಿದ್ದೇವೆ.

ಉಳಿದದ್ದು ಎಂದಿನಂತೆ. ಗ್ಯಾರೇಜಿನವರು ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆಂದು ಒಂದೇ ಒಂದು ತಾಮ್ರದ ವಾಷರ್ ಕೇಳಿ ಬಂದವರನ್ನು ನಾವು ಎಂದೂ ಕಾಯಿಸಿಲ್ಲ, ಮುಂದೆಯೂ ಕಾಯಿಸುವುದಿಲ್ಲ. ಮರದ ಡ್ರಾಯರುಗಳನ್ನು ತೆರೆದು ತಾವೇ ಹುಡುಕಿಕೊಳ್ಳುವ ಹಕ್ಕೂ ಹಾಗೆಯೇ ಇದೆ, ತೆಗೆದದ್ದನ್ನು ಅದೇ ಡ್ರಾಯರಿನಲ್ಲಿ ಇಟ್ಟರೆ ಉಪಕಾರವಾಗುತ್ತದೆ.

2023ರ ಏಪ್ರಿಲ್ ನಂತರ ನಮ್ಮಲ್ಲಿ ಮೀಟರ್ ಲೆಕ್ಕದ ಪೈಪು ಕೊಂಡವರು ಅದನ್ನು ಬಿಚ್ಚಿ ತಂದರೆ ಅಷ್ಟೇ ಉದ್ದದ ಹೊಸ ಪೈಪನ್ನು ಹಳೆಯ ಬೆಲೆಗೆ ಕೊಡುತ್ತೇವೆ. ಬಿಲ್ ಬೇಕಾಗಿಲ್ಲ, ತಮ್ಮ ಮುಖವೂ ಕಾರಿನ ಬಣ್ಣವೂ ನಮಗೆ ನೆನಪಿದೆ. ಜನವರಿ ಕೊನೆಯವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಇದಕ್ಕಾಗಿಯೇ ಅರ್ಧ ಶಟರ್ ತೆರೆದಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪೈಪು ಬಿಚ್ಚಿ, ಪೆಟ್ರೋಲ್ ಬಸಿದು, ತುಂಡನ್ನು ಗಾಳಿಗೆ ಒಣಗಿಸಿ ತನ್ನಿ. ತಮ್ಮ ಎದುರಿನಲ್ಲಿಯೇ ಸೀಳಿ ತೋರಿಸುತ್ತೇವೆ. ಮೂರು ಬಾಟಲಿಗಳು ಈಗಲೂ ಹಿತ್ತಲಿನಲ್ಲಿವೆ, ನೋಡಬಯಸುವವರು ನನ್ನ ತಮ್ಮನನ್ನು ಕೇಳಬಹುದು.

ತಮ್ಮ ವಿಶ್ವಾಸಿ,
ಅಂಗಡಿಯ ಹಿರಿಯವನು
ನಾನಾ ಪೇಠ, ಪುಣೆ